ಜಗಳ ಚೆನ್ನಾಗಿದೆ, ಹಾಡು ಎಲ್ಲಿ?

ನಮಸ್ಕಾರ.

ನಿಮ್ಮ ‘ಅಪ್ಪಂದಿರ ರಾಕ್‌ಗೆ ಒಂದು ಶ್ರದ್ಧಾಂಜಲಿ’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಗೀಚಿ ವಾಪಸ್ ಕಳಿಸುವಂಥ ಬರಹವೂ ಅಲ್ಲ. ನಿಮಗೆ ಬರೆಯುವ ಕೈ ಇದೆ, ಸಂಗೀತದ ಹುಚ್ಚೂ ಇದೆ, ಅದಕ್ಕೇ ಇಷ್ಟುದ್ದ ಉತ್ತರ. ಸ್ವಲ್ಪ ಖಾರವಾಗಿರುತ್ತದೆ, ತಡೆದುಕೊಳ್ಳಿ.

ನೀವು ಬರೆದಿರುವುದು ಇಷ್ಟು. ಇಬ್ಬರು ಗೆಳೆಯರು ರಾತ್ರಿಯಿಡೀ ವಾದ ಮಾಡುತ್ತಾರೆ. ಒಬ್ಬನಿಗೆ ಪ್ರೋಗ್ರೆಸಿವ್ ರಾಕ್ (ಚಿಕ್ಕದಾಗಿ ‘ಪ್ರಾಗ್’) ಬೇಕು, ಅಂದರೆ ಯೆಸ್, ಜೆನೆಸಿಸ್, ಕಿಂಗ್ ಕ್ರಿಮ್ಸನ್, ಉದ್ದುದ್ದ ಹಾಡು, ಎಣಿಸಲು ಬಾರದ ತಾಳ. ಇನ್ನೊಬ್ಬನಿಗೆ ಡ್ಯಾಡ್ ರಾಕ್ ಸಾಕು, ಈಗಲ್ಸ್, ಡೈರ್ ಸ್ಟ್ರೇಟ್ಸ್, ರೋಲಿಂಗ್ ಸ್ಟೋನ್ಸ್, ಅಪ್ಪಂದಿರು ಕಾರು ಓಡಿಸುತ್ತಾ ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುವಂಥದ್ದು. ಬೆಳಗಾಗುವ ಹೊತ್ತಿಗೆ ಮೊದಲನೆಯವನು ಗೆಲ್ಲುತ್ತಾನೆ. ಗೆಲ್ಲದೆ ಏನು ಮಾಡುತ್ತಾನೆ? ಎದುರಿಗೆ ಕೂತವನ ಬಾಯಲ್ಲಿ ನೀವು ಒಂದೂ ಗಟ್ಟಿ ಮಾತು ಆಡಿಸಿಲ್ಲವಲ್ಲ. ‘ಹಾಡು ಅಂದ್ರೆ ನಾಲ್ಕು ನಿಮಿಷ ಕಣೋ’ ಅನ್ನುತ್ತಾನೆ, ‘ನಂಗೆ ಅದೆಲ್ಲ ತಲೆಗೆ ಹತ್ತಲ್ಲ’ ಅನ್ನುತ್ತಾನೆ, ಆಮೇಲೆ ಆಕಳಿಸುತ್ತಾನೆ. ಇದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ.

ಅವನ ಪರವಾಗಿ ನಾನೇ ಒಂದು ಮಾತು ಹೇಳುತ್ತೇನೆ. ಸ್ಟೋನ್ಸ್‌ನ ಡ್ರಮ್ಮರ್ ಆಗಿದ್ದ ಚಾರ್ಲಿ ವಾಟ್ಸ್ ನುಡಿಸುವ ವಿಡಿಯೊ ಯಾವುದಾದರೂ ಹಾಕಿಕೊಂಡು ಅವರ ಬಲಗೈ ಮಾತ್ರ ನೋಡಿ. ಸಾಮಾನ್ಯವಾಗಿ ರಾಕ್ ಡ್ರಮ್ಮರ್‌ಗಳು ಬಲಗೈಯಲ್ಲಿ ಹೈ-ಹ್ಯಾಟ್ (ಸ್ಟ್ಯಾಂಡಿನ ಮೇಲಿನ ಜೋಡಿ ತಾಳ) ಬಾರಿಸುತ್ತಲೇ ಇರುತ್ತಾರೆ, ಎಡಗೈ ಸ್ನೇರ್ (ಮುಂದಿರುವ ಚಿಕ್ಕ ಡ್ರಮ್) ಮೇಲೆ ಬೀಳುವಾಗಲೂ ಬಲಗೈ ನಿಲ್ಲುವುದಿಲ್ಲ. ವಾಟ್ಸ್ ಹಾಗಲ್ಲ. ಸ್ನೇರ್ ಹೊಡೆಯುವ ಕ್ಷಣಕ್ಕೆ ಸರಿಯಾಗಿ ಬಲಗೈ ಮೇಲಕ್ಕೆತ್ತಿಬಿಡುತ್ತಾರೆ. ಹಾಗಾಗಿ ಆ ಏಟು ಒಂಟಿಯಾಗಿ ಬೀಳುತ್ತದೆ, ಸುತ್ತ ಒಂಚೂರು ಜಾಗ ಬಿಟ್ಟುಕೊಂಡು. ಇಡೀ ಬ್ಯಾಂಡ್ ಆ ಜಾಗದಲ್ಲಿ ತೂಗಾಡುತ್ತದೆ. ‘ಸರಳ’ ಅಂತ ನೀವು ಒಂದೇ ಮಾತಲ್ಲಿ ತಳ್ಳಿಹಾಕಿದ್ದು ಇದನ್ನೇ. ಇದು ಸರಳವೇ ಇರಬಹುದು, ಸಲೀಸಂತೂ ಅಲ್ಲ. ಈ ಮಾತು ಎರಡನೆಯವನು ಆಡಿದ್ದರೆ ನಿಮ್ಮ ನಾಯಕ ಏನು ಉತ್ತರ ಕೊಡುತ್ತಿದ್ದ? ಆ ಉತ್ತರ ಹುಡುಕಲು ನೀವು ಒದ್ದಾಡಬೇಕು. ಆಗ ಲೇಖನಕ್ಕೆ ಜೀವ ಬರುತ್ತದೆ.

ಅಂದಹಾಗೆ ಆ ನಾಲ್ಕು ನಿಮಿಷದ ಮಾತೂ ಸುಳ್ಳು. ಡೈರ್ ಸ್ಟ್ರೇಟ್ಸ್‌ನ ‘ಟೆಲಿಗ್ರಾಫ್ ರೋಡ್’ 1982ರದ್ದು, 14 ನಿಮಿಷಕ್ಕೂ ಜಾಸ್ತಿ ಇದೆ. ಒಂದು ದಾರಿ, ಅದರ ಬದಿಗೆ ಹುಟ್ಟಿ ಬೆಳೆದು ಸೊರಗುವ ಊರು, ಕೆಲಸ ಕಳೆದುಕೊಂಡ ಮನುಷ್ಯ, ಕೊನೆಗೆ ಮುಗಿಯಲೊಲ್ಲದ ಗಿಟಾರ್. ಸ್ಟೀಲಿ ಡ್ಯಾನ್ ಕೂಡ ನಿಮ್ಮ ಡ್ಯಾಡ್ ರಾಕ್ ಪಟ್ಟಿಯಲ್ಲೇ ಇದೆ ಅಲ್ವಾ? ಅವರ 1977ರ ‘ಏಜಾ’ ಹಾಡಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು ವೇಯ್ನ್ ಶಾರ್ಟರ್, ಜಾಜ್‌ನ ದೊಡ್ಡ ಹೆಸರು. ‘ತಲೆ ಉಪಯೋಗಿಸದವರ ಸಂಗೀತ’ ಅಂತ ಬರೆಯುವ ಮೊದಲು ನಿಮ್ಮ ಪಟ್ಟಿಯನ್ನು ನೀವೇ ಒಮ್ಮೆ ಕೇಳಬೇಕಿತ್ತು.

ಇನ್ನು ತಪ್ಪುಗಳು. ಪಿಂಕ್ ಫ್ಲಾಯ್ಡ್‌ನ ‘ಮನಿ’ ಶುರುವಿನಿಂದ ಕೊನೆಯವರೆಗೂ ಏಳರ ಎಣಿಕೆಯಲ್ಲಿದೆ, ಅಂದರೆ ತಾಳದ ಪ್ರತಿ ಸುತ್ತಿಗೂ ಏಳೇಳು ಎಣಿಕೆ, ಅಂದಿದ್ದೀರಿ. ಇಲ್ಲ. ಸ್ಯಾಕ್ಸೊಫೋನ್ ಸೋಲೋ ಏಳರಲ್ಲೇ ಹೋಗುತ್ತದೆ ನಿಜ, ಆದರೆ ಗಿಟಾರ್ ಸೋಲೋ ಬಂದ ಕೂಡಲೇ ಇಡೀ ಬ್ಯಾಂಡ್ ನಾಲ್ಕಕ್ಕೆ ಇಳಿಯುತ್ತದೆ, ಸೋಲೋ ಮುಗಿದ ಮೇಲೆ ಮತ್ತೆ ಏಳಕ್ಕೆ ಬರುತ್ತದೆ. ಬೆರಳು ಮಡಚಿ ಎಣಿಸಿ ನೋಡಿ, ಗಿಟಾರಿಸ್ಟ್ ಗಿಲ್ಮರ್ ಬಂದ ಜಾಗದಲ್ಲಿ ನಿಮ್ಮ ಏಳು ತಪ್ಪಿಹೋಗುತ್ತದೆ. ಕೇಳುವವರಿಗೆ ಅಲ್ಲಿ ಮೈ ಬಿಟ್ಟು ಓಡಿದಂಥ ಖುಷಿ ಯಾಕೆ ಸಿಗುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಈ ಎಣಿಕೆಯಲ್ಲೇ ಇದೆ. ನಿಮ್ಮ ವಾದಕ್ಕೇ ತೊಡಕಾಗುವ ಉತ್ತರ ಅದು, ಬೇಕಿದ್ದರೆ ಯೋಚಿಸಿ: ಪ್ರಾಗ್‌ನ ಅತಿ ಹೆಸರಾದ ಸೋಲೋಗಳಲ್ಲೊಂದು ನಿಂತಿರುವುದು ನೀವು ಹೀಗಳೆದ ನಾಲ್ಕರ ಮೇಲೆ. ಹಾಗೇ ಏಳರ ಎಣಿಕೆ ಪ್ರಾಗ್‌ನವರ ಆಸ್ತಿಯೂ ಅಲ್ಲ. ಬೀಟಲ್ಸ್ 1967ರಲ್ಲೇ ‘ಆಲ್ ಯು ನೀಡ್ ಈಸ್ ಲವ್’ ಚರಣಗಳನ್ನು ಬಹುಪಾಲು ಏಳರಲ್ಲೇ ಹಾಡಿದ್ದಾರೆ, ಯಾರಿಗೂ ಗೊತ್ತಾಗದ ಹಾಗೆ.

ಜೆಥ್ರೊ ಟಲ್ ಬ್ಯಾಂಡ್ ವಿಷಯದಲ್ಲಿ ಮಾತ್ರ ನನಗೆ ನಗು ತಡೆಯಲಾಗಲಿಲ್ಲ, ಕ್ಷಮಿಸಿ. 1972ರ ‘ಥಿಕ್ ಆ್ಯಸ್ ಎ ಬ್ರಿಕ್’ ಬಗ್ಗೆ ಬರೆಯುತ್ತಾ, ಎಂಟು ವರ್ಷದ ಬಾಲಕವಿ ಜೆರಾಲ್ಡ್ ಬಾಸ್ಟಾಕ್‌ನ ಕವಿತೆಗೆ ಸಂಗೀತ ಹಾಕಿದ್ದು ಪ್ರಾಗ್‌ನ ಗಂಭೀರತೆಗೆ ಸಾಕ್ಷಿ ಅಂದಿದ್ದೀರಿ. ಆ ಹುಡುಗ ಇಲ್ಲವೇ ಇಲ್ಲ. ಬ್ಯಾಂಡಿನ ಮುಂದಾಳು ಇಯಾನ್ ಆ್ಯಂಡರ್ಸನ್ ಕಟ್ಟಿದ ತಮಾಷೆ ಅದು. ಅವರ ಹಿಂದಿನ ಆಲ್ಬಂ ‘ಆ್ಯಕ್ವಾಲಂಗ್’ ಅನ್ನು ವಿಮರ್ಶಕರು ‘ಕಾನ್ಸೆಪ್ಟ್ ಆಲ್ಬಂ’ (ಎಲ್ಲ ಹಾಡೂ ಒಂದೇ ವಸ್ತುವಿನ ಸುತ್ತ ಕಟ್ಟಿದ್ದು) ಅಂತ ಕರೆದರು, ಅವರು ಅಲ್ಲ ಅಂದರು, ಯಾರೂ ಕೇಳಲಿಲ್ಲ. ಸರಿ, ಅದೇ ಬೇಕಾ, ತಗೊಳ್ಳಿ ಅಂತ ಎಲ್‌ಪಿಯ ಎರಡೂ ಬದಿ ತುಂಬುವ ಒಂದೇ ಹಾಡು ಮಾಡಿ, ಕವರನ್ನು ಸುಳ್ಳು ಸುದ್ದಿಗಳ ಪತ್ರಿಕೆಯ ಥರ ಮಾಡಿಸಿ, ಇಲ್ಲದ ಹುಡುಗನೊಬ್ಬನ ಹೆಸರನ್ನೂ ಹಾಕಿಬಿಟ್ಟರು. ಗೇಲಿ ಅಂತ ಮಾಡಿದ್ದು ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಪ್ರಾಗ್‌ಗೆ ತನ್ನನ್ನು ತಾನೇ ನೋಡಿ ನಗುವುದು ಗೊತ್ತಿತ್ತು ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ, ನೀವು ಅದನ್ನೇ ತಲೆಕೆಳಗು ಹಿಡಿದಿದ್ದೀರಿ. ‘1977ರಲ್ಲಿ ಪಂಕ್ ಬಂದು ಪ್ರಾಗ್ ಸತ್ತಿತು’ ಅನ್ನುವುದೂ ಬೇಡ. ಪಿಂಕ್ ಫ್ಲಾಯ್ಡ್‌ನ ‘ದ ವಾಲ್’ ಬಂದದ್ದು 1979ರಲ್ಲಿ, ರಶ್‌ನ ‘ಮೂವಿಂಗ್ ಪಿಕ್ಚರ್ಸ್’ 1981ರಲ್ಲಿ.

ಈಗ ಮುಖ್ಯವಾದದ್ದು. ನಿಮ್ಮ ಬರಹದಲ್ಲಿ ಜಗಳ ಕೇಳಿಸುತ್ತದೆ, ಸಂಗೀತ ಕೇಳಿಸುವುದಿಲ್ಲ. ‘ಅಲೌಕಿಕ’, ‘ಮಾಂತ್ರಿಕ’, ‘ಬೇರೆಯೇ ಲೋಕ’, ಇವು ಪುಟಕ್ಕೆ ನಾಲ್ಕಾರು ಸಲ ಬರುತ್ತವೆ. ಕಿಂಗ್ ಕ್ರಿಮ್ಸನ್‌ನ 1969ರ ಮೊದಲ ಆಲ್ಬಂನಲ್ಲಿ ಕೀಬೋರ್ಡ್ ಕೇಳಿ ‘ಮೈ ಜುಮ್ಮೆಂದಿತು’ ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಯಾಕೆ ಜುಮ್ಮೆಂದಿತು? ಅದು ಮೆಲೊಟ್ರಾನ್. ಅದರ ಪ್ರತಿ ಮನೆಯ (ಕೀಯ) ಕೆಳಗೂ ಒಂದೊಂದು ಟೇಪ್ ತುಂಡು ಇರುತ್ತದೆ, ಅದರಲ್ಲಿ ನಿಜವಾದ ಪಿಟೀಲೋ ಕೊಳಲೋ ಒಂದೇ ಸ್ವರ ಹಿಡಿದು ನುಡಿಸಿದ್ದು ಮುದ್ರಣವಾಗಿರುತ್ತದೆ. ಮನೆ ಒತ್ತಿದರೆ ಟೇಪ್ ಓಡುತ್ತದೆ, ಸುಮಾರು 8 ಸೆಕೆಂಡಿಗೆ ಮುಗಿದುಹೋಗುತ್ತದೆ, ಬೆರಳು ತೆಗೆದರೆ ವಾಪಸ್ ಬರುತ್ತದೆ. ಟೇಪ್ ಒಂದೇ ವೇಗದಲ್ಲಿ ಓಡದೆ ಸ್ವರ ಸಣ್ಣಗೆ ನಡುಗುತ್ತದೆ. ನುಡಿಸುವುದು ಮನುಷ್ಯರೇ, ಆದರೆ ಉಸಿರು ಬೇರೆಯವರದು ಅನ್ನಿಸುವ ಆ ವಿಚಿತ್ರ ಬರುವುದು ಇಲ್ಲಿಂದ. ಇಷ್ಟು ಹೇಳಿದರೆ ಓದುಗರು ಆ ಹಾಡು ಹುಡುಕಿಕೊಂಡು ಹೋಗುತ್ತಾರೆ. ‘ಅಲೌಕಿಕ’ ಅಂದರೆ ಪುಟ ತಿರುವುತ್ತಾರೆ.

ಮತ್ತೆ, ನೀವು ಎಳೆದ ಗೆರೆ ನಿಲ್ಲುವುದಿಲ್ಲ. ಜೆನೆಸಿಸ್ 1972ರಲ್ಲಿ ‘ಸಪ್ಪರ್ಸ್ ರೆಡಿ’ ಮಾಡಿದಾಗ ಐದು ಜನ ಇದ್ದರು, ಹಾಡು ಹೆಚ್ಚುಕಡಿಮೆ 23 ನಿಮಿಷ. ಅದೇ ಬ್ಯಾಂಡ್ 1986ರಲ್ಲಿ ‘ಇನ್ವಿಸಿಬಲ್ ಟಚ್’ ಮಾಡಿತು, ಮೂರೂವರೆ ನಿಮಿಷ, ಅಮೆರಿಕದಲ್ಲಿ ನಂಬರ್ ಒನ್. ಉಳಿದಿದ್ದ ಮೂವರು, ಬ್ಯಾಂಕ್ಸ್, ರದರ್‌ಫರ್ಡ್, ಕಾಲಿನ್ಸ್, ಆ ಐವರಲ್ಲೂ ಇದ್ದವರೇ. ನೀವು ಮೊದಲನೆಯದನ್ನು ಪ್ರಾಗ್‌ಗೆ ಹಾಕಿದ್ದೀರಿ, ಎರಡನೆಯದನ್ನು ಎದುರಾಳಿಯ ಕೊರಳಿಗೆ ಕಟ್ಟಿದ್ದೀರಿ, ಎರಡೂ ಒಂದೇ ಬ್ಯಾಂಡಿನದು ಅಂತ ಎಲ್ಲೂ ಹೇಳದೆ. ಯೆಸ್‌ನ ಕಥೆಯೂ ಇದೇ, 1973ರಲ್ಲಿ ನಾಲ್ಕೇ ಹಾಡುಗಳ ಡಬಲ್ ಆಲ್ಬಂ, ಹತ್ತು ವರ್ಷ ಕಳೆಯುವಷ್ಟರಲ್ಲಿ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’. 1982ರಲ್ಲಿ ಮೊದಲ ಆಲ್ಬಂ ತಂದ ಏಷ್ಯಾ ಬ್ಯಾಂಡ್ ಅಂತೂ ಪ್ರಾಗ್‌ನ ಹಳೆ ಹುಲಿಗಳೇ ಸೇರಿ ರೇಡಿಯೊಗಾಗಿ ಹಾಡು ಕಟ್ಟಿದ್ದು, ಅದರ ಹೆಸರೇ ನಿಮ್ಮಲ್ಲಿ ಇಲ್ಲ.

ನಿಮ್ಮ ಲೇಖನ ಇರುವುದು ಇಲ್ಲಿ ಅಂತ ನನಗನ್ನಿಸುತ್ತದೆ. ಅವರು ಮಾರಿಕೊಂಡರಾ, ಬೇಸತ್ತರಾ, ಅಥವಾ ಚಿಕ್ಕ ಹಾಡು ಕಟ್ಟುವುದೇ ಕಷ್ಟದ ಕೆಲಸ ಅಂತ ಅವರಿಗೆ ಗೊತ್ತಾಯಿತಾ? ನನ್ನ ಅಭಿಪ್ರಾಯ ಕೇಳಿದರೆ ಮೂರೂ ಸ್ವಲ್ಪ ಸ್ವಲ್ಪ ನಿಜ, ಆದರೆ ನನಗೆ ಬೇಕಿರುವುದು ನಿಮ್ಮ ಅಭಿಪ್ರಾಯ. 1972ರಲ್ಲಿ ‘ಸಪ್ಪರ್ಸ್ ರೆಡಿ’ ಇದ್ದ ಎಲ್‌ಪಿ ಕೊಂಡ ಹದಿನೈದರ ಹುಡುಗನಿಗೆ ಈಗ ಎಪ್ಪತ್ತು ಹತ್ತಿರ ಬಂತು, ಪ್ರಾಗ್ ಈಗ ಅಪ್ಪಂದಿರದ್ದೂ ಅಲ್ಲ, ತಾತಂದಿರದ್ದು. ನಿಮ್ಮ ನಾಯಕನಿಗೆ ಇದನ್ನು ಯಾರಾದರೂ ನೆನಪಿಸಬೇಕಿತ್ತು.

ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. ಮೊದಲ ಎರಡು ಪುಟ ‘ಮಾನವ ಮತ್ತು ನಾದ’ ತೆಗೆದುಹಾಕಿ, ಜಗಳದಿಂದಲೇ ಶುರುಮಾಡಿ. ಸಂಭಾಷಣೆ ನಿಮ್ಮ ಶಕ್ತಿ, ‘ಆ ಸೋಲೋ ಮುಗಿಯೋಷ್ಟರಲ್ಲಿ ನಾನೊಂದು ನಿದ್ದೆ ಮುಗಿಸಿದೆ’ ಅನ್ನುವ ಸಾಲಿಗೆ ನಾನು ಜೋರಾಗಿ ನಕ್ಕೆ, ಅದನ್ನು ಮುಟ್ಟಬೇಡಿ. ಹದಿನೆಂಟು ಬ್ಯಾಂಡ್‌ಗಳ ಹೆಸರು ಒಂದೇ ಪ್ಯಾರಾದಲ್ಲಿ ಸುರಿದಿದ್ದೀರಿ, ಮೂರು ಇಟ್ಟುಕೊಳ್ಳಿ. ‘ಶ್ರದ್ಧಾಂಜಲಿ’ ಶೀರ್ಷಿಕೆ ಬೇಡ, ಸ್ಟೇಡಿಯಂ ತುಂಬಿಸುವವರಿಗೆ ಯಾರಾದರೂ ಶ್ರದ್ಧಾಂಜಲಿ ಬರೆಯುತ್ತಾರಾ?

ಜೆನೆಸಿಸ್‌ನ ಆ ಎರಡು ಹಾಡು ಇಟ್ಟುಕೊಂಡು ಹೊಸದಾಗಿ ಬರೆಯಿರಿ, 1500 ಪದ ಸಾಕು. ವರ್ಷ, ನಿಮಿಷ ಎಲ್ಲ ಆಲ್ಬಂ ಕವರ್ ನೋಡಿ ಸರಿಪಡಿಸಿ. ಅವಸರ ಏನೂ ಇಲ್ಲ. ಹಾಕಿಕೊಳ್ಳುತ್ತೇವೆ ಅಂತ ಈಗಲೇ ಮಾತು ಕೊಡಲಾರೆ, ಆದರೆ ಬಂದ ದಿನವೇ ಓದುತ್ತೇನೆ. ಇದೇ ಪ್ರತಿಗೆ ಅಲ್ಲಲ್ಲಿ ತೇಪೆ ಹಾಕಿ ಮಾತ್ರ ಕಳಿಸಬೇಡಿ.