ಪುಣೆಯಲ್ಲಿ ಕೊಂಡ ಜೀಪು ನಿಜವಾಗಿ ಬರ್ಮಾ ಯುದ್ಧದ್ದೇ? ಪತ್ತೆ ಮಾಡುವುದು ಹೇಗೆ?

ಪಿಂಪ್ರಿಯ ಗ್ಯಾರೇಜೊಂದರಲ್ಲಿ ಹೊಸದಾಗಿ ಸಜ್ಜು ಮಾಡಿದ ಜೀಪು ಕೊಂಡಿದ್ದೀರಿ, ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದದ್ದು ಎಂದು ಮಾರಿದವರ ಮಾತು, ಬಂಪರಿನ ಮೇಲೆ ಬ್ರಿಟಿಷ್ ಕಾಲದ ಭಾರತೀಯ ಸೇನೆಯ 17ನೇ ಇಂಡಿಯನ್ ಡಿವಿಜನ್ನಿನ ಕಪ್ಪು ಬೆಕ್ಕಿನ ಗುರುತೂ ಇದೆ ಎಂದಿದ್ದೀರಿ. ಆ ಬೆಕ್ಕನ್ನು ಸದ್ಯಕ್ಕೆ ಲೆಕ್ಕಕ್ಕೆ ಹಿಡಿಯಬೇಡಿ. ಗುರುತು ಯಾರು ಬೇಕಾದರೂ ಬರೆಸಬಹುದು. ಚಾಸಿಯಿಂದ ಶುರು ಮಾಡಿ.

ಮೊದಲು ಅದು ಯುದ್ಧಕಾಲದ ಜೀಪು ಹೌದೋ ಅಲ್ಲವೋ ನೋಡಿ. ಇಲ್ಲಿ ಸಿಗುವ ಹಳೆ ಜೀಪುಗಳಲ್ಲಿ ಮಹೀಂದ್ರಾದವರು ಯುದ್ಧ ಮುಗಿದ ಮೇಲೆ ಕಟ್ಟಿದವೇ ಹೆಚ್ಚು. ಯುದ್ಧಕಾಲದ್ದಕ್ಕೆ ಸಾಮಾನ್ಯವಾಗಿ ಮುಂದಿನ ಜಾಲರಿಯಲ್ಲಿ 9 ಸೀಳು, ಯುದ್ಧದ ನಂತರ ಜನರಿಗಾಗಿ ಬಂದ ಸಿಜೆ ಮಾದರಿಗಳಿಗೆ 7. ಬಾನೆಟ್ ಎತ್ತರವಿದ್ದರೆ ಸಿಜೆ-3ಬಿ. ಯುದ್ಧಕಾಲದ್ದರಲ್ಲಿ ಹಿಂದೆ ತೆರೆಯುವ ಬಾಗಿಲಿಲ್ಲ, ಪೆಟ್ರೋಲ್ ತುಂಬುವ ಬಾಯಿ ಡ್ರೈವರ್ ಸೀಟಿನ ಕೆಳಗೆ. ಜಾಲರಿ, ಬಾಡಿ ಎಲ್ಲ ಬದಲಾಗಿರಬಹುದು, ಆದ್ದರಿಂದ ರೇಡಿಯೇಟರಿನ ಕೆಳಗೆ ಕೈ ಹಾಕಿ ಅಡ್ಡಪಟ್ಟಿ ಮುಟ್ಟಿ ನೋಡಿ. ಗುಂಡು ಪೈಪಾದರೆ ವಿಲ್ಲಿಸ್ ಕಂಪನಿಯ ಯುದ್ಧಕಾಲದ ಮಾದರಿ ಎಂಬಿ. ಬೋರಲು ಹಾಕಿದ ಯು ಆಕಾರವಾದರೆ ಅದೇ ಜೀಪನ್ನು ಫೋರ್ಡ್‌ನವರು ಕಟ್ಟಿದ ಜಿಪಿಡಬ್ಲ್ಯು ಇರಬಹುದು, ಸಿಜೆಯೂ ಇರಬಹುದು. ಫೋರ್ಡಾದರೆ ಬೋಲ್ಟಿನ ತಲೆಗಳ ಮೇಲೆ, ಬಿಡಿಭಾಗಗಳ ಮೇಲೆ ‘ಎಫ್’ ಅಕ್ಷರ ಅಚ್ಚಾಗಿರುತ್ತದೆ.

ಇನ್ನು ನಂಬರು. ವಿಲ್ಲಿಸ್‌ನದು ಎಡ ಚಾಸಿಯ ಒಳಮೈಗೆ, ಮುಂದಿನ ಬಂಪರಿನ ಹಿಂದೆಯೇ ರಿವೆಟ್ ಮಾಡಿದ ಸಣ್ಣ ತಗಡಿನ ಮೇಲಿರುತ್ತದೆ. ತಗಡು ಕಿತ್ತು ಬೇರೆಯದು ಹೊಡೆಯುವುದು ಸುಲಭ, ಹಾಗಾಗಿ ರಿವೆಟ್ ಹೊಸದೇ ನೋಡಿ. ಫೋರ್ಡಿನದು ಎಡ ಚಾಸಿಯ ಮೇಲ್ಮೈಯಲ್ಲಿ, ಎಂಜಿನ್ ಮೌಂಟಿಗಿಂತ ತುಸು ಮುಂದೆ, ಕಬ್ಬಿಣಕ್ಕೇ ಹೊಡೆದದ್ದು. ಗ್ರೈಂಡರ್, ಮರಳು ಬ್ಲಾಸ್ಟಿಂಗ್ ಯಾವುದೂ ಅಲ್ಲಿ ಬೇಡವೇ ಬೇಡ. ಅಚ್ಚು ಆಳವಿಲ್ಲ, ಹೋದರೆ ಹೋಯಿತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಹಿತ್ತಾಳೆ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ, ಪೆಟ್ರೋಲಿನಲ್ಲಿ ಒರೆಸಿ ಒಣಗಿಸಿ. ಆಮೇಲೆ ಆರ್‌ಟಿಓ ಏಜೆಂಟರು ತೆಗೆಯುವಂತೆಯೇ ಪೆನ್ಸಿಲ್ ಸೀಸ ಉಜ್ಜಿ ಸೆಲೋಟೇಪ್ ಒತ್ತಿ ಎಬ್ಬಿಸಿ, ಬಿಳಿ ಹಾಳೆಗೆ ಅಂಟಿಸಿ. ಕಣ್ಣಿಗೆ 3 ಎಂದು ಕಂಡದ್ದು ಟೇಪಿನಲ್ಲಿ 8 ಆಗುವುದುಂಟು.

ಎಂಬಿ ಸರಣಿ 1941ರ ಕೊನೆಗೆ 100001ರಿಂದ ಶುರುವಾಯಿತು, ಜಿಪಿಡಬ್ಲ್ಯು 1942ರಲ್ಲಿ 1ರಿಂದ. ನಂಬರಿನಿಂದ ತಿಂಗಳು ಹೇಳುವ ಪಟ್ಟಿಗಳು ಸಂಗ್ರಾಹಕರ ಬಳಿ ಸಿಗುತ್ತವೆ. ಎಂಜಿನ್ ನಂಬರು ಚಾಸಿ ನಂಬರಿಗೆ ಹೊಂದದಿದ್ದರೆ ಗಾಬರಿ ಬೇಡ. ಫೋರ್ಡಿನಲ್ಲಿ ಎರಡೂ ಒಂದೇ ಇರುತ್ತಿತ್ತು, ವಿಲ್ಲಿಸ್‌ನಲ್ಲಿ ಕಾರ್ಖಾನೆಯಿಂದಲೇ ಬೇರೆ ಬೇರೆ. ಡ್ಯಾಶ್‌ಬೋರ್ಡಿನ ತಾರೀಖಿನ ಫಲಕವನ್ನಂತೂ ನಂಬಲೇಬೇಡಿ, ಅದರ ನಕಲು ಧಾರಾಳವಾಗಿ ಸಿಗುತ್ತದೆ.

ಇಷ್ಟು ಸಿಕ್ಕರೆ ಹುಟ್ಟಿದ ತಿಂಗಳು ಸಿಕ್ಕಿತು. ಯಾವ ಪಡೆಯಲ್ಲಿತ್ತು ಎಂಬುದು ಬಣ್ಣದ ಪದರಗಳಲ್ಲಿ ಮಾತ್ರ ಉಳಿದಿರುತ್ತದೆ. ಬಾನೆಟ್ಟಿನ ಮಗ್ಗುಲನ್ನು ಸೋಪುನೀರು ಹಾಕಿ 400ರ ವಾಟರ್‌ಪೇಪರಿನಿಂದ ಅಂಗೈಯಷ್ಟು ಜಾಗದಲ್ಲಿ ಸುತ್ತು ಸುತ್ತಾಗಿ ಉಜ್ಜಿ. ಮೇಲಿನ ಹೊಳಪು ಬಣ್ಣ, ಅದರಡಿ ಯಾರೋ ಹೊಡೆಸಿದ ನೀಲಿಯೋ ಹಳದಿಯೋ, ಅದೂ ಕಳೆದರೆ ಮಂಕು ಹಸಿರು. ಹಸಿರು ಕಂಡೊಡನೆ ಇನ್ನೂ ನಯವಾದ 1000ರ ಪೇಪರಿಗೆ ಬದಲಿಸಿ. ಅಕ್ಷರವಿದ್ದರೆ ಒದ್ದೆಯಿರುವಾಗ, ಟಾರ್ಚ್ ಓರೆಯಾಗಿ ಹಿಡಿದಾಗ ತೇಲುತ್ತದೆ. 20ರಿಂದ ಶುರುವಾಗುವ ಉದ್ದ ಸಂಖ್ಯೆ ಅಮೆರಿಕನ್ ಸೇನೆಯದು, ‘ಎಂ’ ಅಕ್ಷರದ ಸಂಖ್ಯೆ ಬ್ರಿಟಿಷ್ ಪದ್ಧತಿಯದು. ಕೂಡಲೇ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಗ್ಯಾರೇಜಿನವರು ಹಳೆ ಬಣ್ಣವನ್ನೆಲ್ಲ ಕೆರೆದಿದ್ದರೆ ಹಿಂದಿನ ಮೂಲೆಯ ಟೂಲ್ ಪೆಟ್ಟಿಗೆಗಳ ಒಳಗೆ, ಪೆಟ್ರೋಲ್ ಟ್ಯಾಂಕ್ ಕೂರುವ ತಗ್ಗಿನಲ್ಲಿ, ಫಲಕಗಳ ಬೆನ್ನಿಗೆ ನೋಡಿ. ಅಲ್ಲಿ ನಂಬರು ಸಿಗದು, ಮೂಲ ಬಣ್ಣ ಸಿಕ್ಕೀತು. ಏನೂ ಸಿಗದಿದ್ದರೆ ಬೆಕ್ಕನ್ನು ಅಳಿಸಿಬಿಡಿ ಎಂದೇ ನಾನು ಹೇಳುವುದು. ಇಂಫಾಲದಲ್ಲಿ ಹೋರಾಡಿದ ಪಡೆಯ ಗುರುತದು, ಆಧಾರವಿಲ್ಲದೆ ಹಾಕಿಕೊಳ್ಳುವಂಥದಲ್ಲ.

ಆರ್‌ಸಿಯಲ್ಲಿರುವ ವರ್ಷ ಸೇನೆಯಿಂದ ಹರಾಜಾದ ಮೇಲಿನ ನೋಂದಣಿಯದಿರಬಹುದು. ಜೀಪು ಬೆಳಗಾವಿ, ಧಾರವಾಡ ಕಡೆಯಿಂದ ಬಂದದ್ದಾದರೆ 1956ರ ನವೆಂಬರಿನ ತನಕ ಅವು ಮುಂಬೈ ರಾಜ್ಯದಲ್ಲಿದ್ದವು ಎಂಬುದು ನೆನಪಿರಲಿ, ಹಳೆ ನಂಬರು ಆ ಸರಣಿಯದೇ ಇರುತ್ತದೆ. ವಿಂಟೇಜ್ ನೋಂದಣಿಗೆ 20,000 ರೂಪಾಯಿ ಕಟ್ಟುವ ಮೊದಲು ಆ ಪೆನ್ಸಿಲ್ ಅಚ್ಚನ್ನು ಆರ್‌ಸಿ ಜೊತೆ ಒಂದೊಂದೇ ಅಂಕಿ ಹಿಡಿದು ತಾಳೆ ನೋಡಿ.