ಆಣೆ ಯಾರ ಹೆಸರಲ್ಲಿ? (ಸಂಪಾದಕರ ಉತ್ತರ)

ಸಾಗರದ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ ಪೂರ್ತಿ ಓದಿದೆ, ಮಾರ್ಜಿನ್ನಲ್ಲಿ ಅಡ್ಡಡ್ಡ ಬರೆದಿದ್ದನ್ನೂ ಬಿಡದೆ. ಉಳಿದ ಓದುಗರಿಗೆ ವಿಷಯ ಗೊತ್ತಾಗ್ಲಿ ಅಂತ ಚಿಕ್ಕದಾಗಿ ಹೇಳ್ಬಿಡ್ತೀನಿ. ನಮ್ಮಲ್ಲಿ ಬರ್ತಿರೋ ಮರಳುಗ್ರಹದ ಧಾರಾವಾಹಿಲಿ ಒಂದು ಗುಪ್ತಚರ ಇಲಾಖೆ ಇದೆಯಲ್ಲ, ಅದು ಶುರುವಾಗಿದ್ದು ಬಾವಿ ಕಾಯೋ ವ್ರತ ಹಿಡಿದ ಒಂದು ಬುಡಕಟ್ಟಿನಿಂದ, ಈಗ ಅವರೇ ಇಡೀ ಗ್ರಹದ ಅರಸನಿಗೆ ಸುದ್ದಿ ತಂದುಕೊಡೋರು. ಮೇಷ್ಟ್ರ ತಕರಾರು ಮೂರು. ಪೂಜೆ ಪುನಸ್ಕಾರ ಅಂತಿದ್ದ ಬುಡಕಟ್ಟಿನೋರು ಬೇಹುಗಾರಿಕೆ ನಡೆಸ್ತಾರೆ ಅನ್ನೋದು ನಂಬೋ ಮಾತಲ್ಲ, ಅದಕ್ಕೆ ಆಫೀಸು ಫೈಲು ಟ್ರೈನಿಂಗು ಬೇಕು ಅನ್ನೋದು ಒಂದು. ಹೋದ ಕಂತಲ್ಲಿ ಇಲಾಖೆ ಮುಖ್ಯಸ್ಥೆ ಅರಸನ ಆರ್ಡರ್ ಮೀರಿ ಶತ್ರು ಕಡೆಯವನಿಗೆ ನೀರು ಕೊಟ್ಟಿದ್ದು ಶುದ್ಧ ಸಿನಿಮಾ ಅನ್ನೋದು ಇನ್ನೊಂದು. ಮೂರನೇದು, ಮಲೆನಾಡಿನೋರಿಗೆ ಮರುಭೂಮಿ ಕಥೆ ಯಾಕೆ ಸ್ವಾಮಿ ಅಂತ.

ಮೂರನೇದು ಬೇಗ ಮುಗಿಸ್ತೀನಿ. ಆಗುಂಬೆಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಹೊಡೆಯತ್ತೆ, ಲಿಬಿಯಾದ ಕುಫ್ರಾ ಅನ್ನೋ ಓಯಸಿಸ್‌ನಲ್ಲಿ ಕೈಬೆರಳಲ್ಲಿ ಎಣಿಸೋವಷ್ಟು ಮಿಲಿಮೀಟರ್ ಬಿದ್ರೆ ಹೆಚ್ಚು. ಜಂಬಿಟ್ಟಿಗೆ ಕಲ್ಲಿನ ಬಾವಿ, ಅಡಿಕೆ ತೋಟದ ಕಥೆ ನಮ್ಮ ಪತ್ರಿಕೆಲಿ ಬೇಕಾದಷ್ಟು ಬಂದಿದೆ, ಇನ್ನೂ ಬರತ್ತೆ. ಒಂದು ಧಾರಾವಾಹಿ ಒಣಗಿರ್ಲಿ ಬಿಡಿ.

ಈಗ ಮೊದಲನೇ ತಕರಾರು. ಮರುಭೂಮಿಲಿ ಸುದ್ದಿ ಎಲ್ಲಿ ಸಿಗತ್ತೆ ಹೇಳಿ? ಊರಿಂದ ಊರಿಗೆ ವಾರಗಟ್ಟಲೆ ಮರಳು, ದಾರಿ ಅನ್ನೋದೇ ಒಂದು ಬಾವಿಯಿಂದ ಇನ್ನೊಂದು ಬಾವಿಗೆ ಹೋಗೋದು, ವ್ಯಾಪಾರಿಯಾಗ್ಲಿ ದರೋಡೆಯವನಾಗ್ಲಿ ಸೈನ್ಯವಾಗ್ಲಿ ಅಲ್ಲಿ ನಿಲ್ಲಲೇಬೇಕು, ನಿಂತಾಗ ಎಷ್ಟು ಒಂಟೆ, ಏನು ಹೇರು, ಯಾವ ಕಡೆ ಮುಖ, ಇಷ್ಟು ಬಾವಿ ಹತ್ರ ಕೂತೋನಿಗೆ ಕೇಳದೇನೇ ಗೊತ್ತಾಗತ್ತೆ. ಬಾವಿ ಪಕ್ಕದಲ್ಲಿ ಒಂದು ಗುಡಿಯೋ ಸಂತನ ಗೋರಿಯೋ ಇತ್ತು ಅಂದ್ರೆ ಅಲ್ಲಿ ಕತ್ತಿ ಎತ್ತಂಗಿಲ್ಲ ಅನ್ನೋ ಕಟ್ಟಳೆನೂ ಸೇರ್ಕೊಳ್ಳತ್ತೆ, ವೈರಿಗಳಿಬ್ಬರೂ ಒಂದೇ ಜಗಲಿಲಿ ಮಲಗ್ತಾರೆ, ಮಾತಾಡ್ತಾರೆ. ಇದಕ್ಕಿಂತ ಒಳ್ಳೇ ಆಫೀಸ್ ಬೇಕಾ?

ಇದು ಬರೀ ಕಲ್ಪನೆ ಅಲ್ಲ. ಸನೂಸಿ ಅಂತ ಒಂದು ಸೂಫಿ ಪಂಥ, 1837ರಲ್ಲಿ ಮೆಕ್ಕಾದಲ್ಲಿ ಶುರುವಾಗಿದ್ದು. ಆಮೇಲೆ ಲಿಬಿಯಾದ ಮರಳಲ್ಲಿ ಅವರು ಝಾವಿಯಾ ಅಂತ ಕಟ್ತಾ ಹೋದ್ರು, ಮಸೀದಿ, ಪಾಠಶಾಲೆ, ಛತ್ರ, ಪಂಚಾಯ್ತಿ ಕಟ್ಟೆ ಎಲ್ಲಾ ಒಂದರಲ್ಲೇ. ಕಟ್ಟಿದ್ದು ಎಲ್ಲಿ ಅಂದ್ರೆ ಒಂಟೆ ದಾರಿ ಮೇಲೆ, ನೀರಿನ ಹತ್ರ, ಎರಡು ಬುಡಕಟ್ಟಿನ ಗಡಿಲಿ. 1911ರಲ್ಲಿ ಇಟಲಿಯೋರು ಬಂದಿಳಿದ ಮೇಲೆ ಇಪ್ಪತ್ತು ವರ್ಷ ಅವರನ್ನ ಗೋಳಾಡಿಸಿದ್ದು ಇದೇ ಜಾಲ. ಕೊನೇಲಿ ಮುಂದೆ ನಿಂತ ಒಮರ್ ಮುಖ್ತಾರ್ ವೃತ್ತಿಲಿ ಕುರಾನ್ ಪಾಠ ಹೇಳೋ ಮೇಷ್ಟ್ರು, ನಿಮ್ಮ ಜಾತಿಯೋರೇ ಅನ್ನಿ. 1931ರಲ್ಲಿ ಗಲ್ಲಿಗೆ ಹಾಕಿದ್ರು. ಅದಕ್ಕೆ ಮುಂಚೆ ಇಟಲಿಯೋರು ಏನೇನು ಮಾಡಿದ್ರು ನೋಡಿ, ಝಾವಿಯಾ ಮುಚ್ಚಿ ಆಸ್ತಿ ಜಪ್ತಿ ಮಾಡಿದ್ರು, ಬಾವಿ ಮುಚ್ಚಿದ್ರು, ಜನರನ್ನ ಕ್ಯಾಂಪಿಗೆ ತುಂಬಿದ್ರು, ಈಜಿಪ್ಟ್ ಗಡಿ ಉದ್ದಕ್ಕೂ ಸುಮಾರು 270 ಕಿಲೋಮೀಟರ್ ಮುಳ್ಳುತಂತಿ ಎಳೆದ್ರು. ವಿಮಾನ, ಮೆಷಿನ್‌ಗನ್ ಎಲ್ಲಾ ಇದ್ದೋರಿಗೆ ಛತ್ರ ಮುಚ್ಚಿಸೋ ಕೆಲಸ ಯಾಕೆ ಬೇಕಾಯ್ತು, ನೀವೇ ಯೋಚನೆ ಮಾಡಿ.

ಕಾವಲಿಗೆ ದೇವರು ಹೇಗೆ ಸಾಲತ್ತೆ ಅಂತ ಕೇಳಿದ್ದೀರಿ. ಸಾಗರದಲ್ಲಿ ಕೂತು ಈ ಪ್ರಶ್ನೆ ನೀವು ಕೇಳ್ಬಾರ್ದಿತ್ತು ಮಾರಾಯ್ರೇ. ನಿಮ್ಮ ತಾಲ್ಲೂಕಲ್ಲೇ ತೋಟದ ಬೇಲಿಗೆ, ಖಾಲಿ ಸೈಟಿಗೆ, ಗೇಟಿಗೆ 'ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ' ಅಂತ ಬೋರ್ಡು ನೇತಾಡ್ತಿರತ್ತೆ. ಸಿಸಿಟಿವಿ ಹಾಕಿರೋ ಮನೆಯೋರೂ ಆ ಬೋರ್ಡು ತೆಗ್ಸಲ್ಲ. ಅಡಿಕೆ ಕದಿಯೋನು ಪೊಲೀಸ್ ಸ್ಟೇಷನ್ನಿನ ಲೆಕ್ಕ ಬೇರೆ ಹಾಕ್ತಾನೆ, ದೇವಿ ಲೆಕ್ಕ ಬೇರೆ ಹಾಕ್ತಾನೆ. ನಮ್ಮ ಲೇಖಕಿ ಮಾಡಿರೋದು ಆ ಬೋರ್ಡಿನ ಹಿಂದೆ ಮನುಷ್ಯರನ್ನ ಕೂರಿಸಿದ್ದು, ಅಷ್ಟೇ.

ಇನ್ನು ಎರಡನೇ ತಕರಾರು, ನನಗೆ ನಿಜವಾಗಿ ಮಾತಾಡೋಕೆ ಆಸೆ ಇರೋದು ಇದರ ಬಗ್ಗೆ. ನೀವು ಕೌಟಿಲ್ಯನ ಹೆಸರು ಎತ್ತಿದ್ದೀರಿ, ಒಳ್ಳೇದಾಯ್ತು. ಅರ್ಥಶಾಸ್ತ್ರದ ಓಲೆಗರಿ ಮೈಸೂರಿನ ಓರಿಯಂಟಲ್ ಲೈಬ್ರರಿಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯ್ತು ಅನ್ನೋದು ನಮ್ಮೋರಿಗೆ ಹೆಮ್ಮೆ, ಆದ್ರೆ ಒಳಗಿರೋದನ್ನ ಓದೋರು ಕಮ್ಮಿ. ಅದರಲ್ಲಿ ತಾಪಸ ವೇಷದ ಗೂಢಚಾರ ಬರ್ತಾನೆ. ತಲೆ ಬೋಳಿಸ್ಕೊಂಡೋ ಜಟೆ ಬಿಟ್ಕೊಂಡೋ ಊರ ಹತ್ರ ಕೂರ್ತಾನೆ, ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸಲ ಜನರ ಎದುರಿಗೆ ಒಂದು ಹಿಡಿ ಸೊಪ್ಪೋ ಜವೆಯೋ ತಿಂತಾನೆ, ಗುಟ್ಟಾಗಿ ಬೇಕಾದ್ದು ಹೊಡೀತಾನೆ. ಸಂಬಳನೂ ಬರೆದಿಟ್ಟಿದ್ದಾನೆ ಕೌಟಿಲ್ಯ, ಇವನಿಗೆ ಪಣ ಅನ್ನೋ ನಾಣ್ಯ ಸಾವಿರ, ವಿಷ ಹಾಕೋನಿಗೆ, ಭಿಕ್ಷುಕಿ ವೇಷದವಳಿಗೆ ಐನೂರು. ಅಂದ್ರೆ ಇಲ್ಲಿ ವ್ರತ ಸುಳ್ಳು, ಸಂಬಳ ನಿಜ. ಹಾಗಾಗಿ ಅರಸ ಹೇಳಿದ್ದು ಅವನು ಕೇಳ್ತಾನೆ, ಮೀರಿದ್ರೆ ಸಸ್ಪೆಂಡು.

ನಮ್ಮ ಧಾರಾವಾಹಿಲಿ ಇದು ಉಲ್ಟಾ ಇದೆ. ವ್ರತ ಮೊದಲು, ಅರಸ ಎಷ್ಟೋ ತಲೆಮಾರು ಆದಮೇಲೆ ಬಂದಿದ್ದು. ಬಾಯಾರಿ ಬಂದೋನಿಗೆ ನೀರು ಇಲ್ಲ ಅನ್ನಬಾರದು ಅಂತ ಮುಖ್ಯಸ್ಥೆ ಆಣೆ ಮಾಡಿದ್ದು ಬಾವಿ ದೇವರ ಮುಂದೆ, ಸಿಂಹಾಸನದ ಮುಂದಲ್ಲ. ಅರಸ ಆ ಜಾಲವನ್ನ ಬಳಸ್ಕೋಬಹುದು, ದುಡ್ಡು ಕೊಡಬಹುದು, ಇಲಾಖೆ ಅಂತ ಸೀಲು ಒತ್ತಬಹುದು, ಆಣೆಯನ್ನ ತನ್ನ ಹೆಸರಿಗೆ ಖಾತೆ ಬದಲಾಯಿಸ್ಕೊಳ್ಳೋಕೆ ಆಗಲ್ಲ.

ಸಿನಿಮಾ ಅಂದ್ರಲ್ಲ, ಅರೇಬಿಯಾದಲ್ಲಿ ಆಗಿದ್ದು ಕೇಳಿ. ಮುಂದೆ ಸೌದಿ ಅರೇಬಿಯಾ ಕಟ್ಟಿದ ಅರಸ ಇಬ್ನ್ ಸೌದ್ 1912ರ ಆಸುಪಾಸಿಂದ ಬೆದುಯಿನ್ ಬುಡಕಟ್ಟುಗಳನ್ನ ಅಲೆದಾಟ ಬಿಡಿಸಿ ಹೊಸ ಊರುಗಳಲ್ಲಿ ನೆಲೆ ನಿಲ್ಲಿಸಿದ, ಕಟ್ಟುನಿಟ್ಟಿನ ಧರ್ಮ ಕಲಿಸಿದ, ಅವರು ಇಖ್ವಾನ್ ಅಂತ ಆದ್ರು, ಅವರದೇ ಬಲದ ಮೇಲೆ ಮೆಕ್ಕಾ ಮದೀನಾ ಇರೋ ಹಿಜಾಜ್ ಸೀಮೆ ಗೆದ್ದ. ಆಮೇಲೆ ಬ್ರಿಟಿಷರು ಗಡಿ ಗೆರೆ ಎಳೆದಿದ್ದಾರೆ, ಇರಾಕಿನ ಕಡೆ ದಾಳಿ ಮಾಡಬೇಡಿ ಅಂದ. ನಾವು ಹೊರಟಿದ್ದು ದೇವರ ಕೆಲಸಕ್ಕೆ, ಗೆರೆ ಯಾರದು ಅಂತ ಅವರು ಅವನ ಮಾತಿಗೆ ಬಗ್ಗಲೇ ಇಲ್ಲ, ಅವನ ಟೆಲಿಫೋನು ಮೋಟಾರಿನ ಮೇಲೂ ಅವರಿಗೆ ಸಿಟ್ಟು. ಕೊನೆಗೆ 1929ರ ಮಾರ್ಚಲ್ಲಿ ಸಬಿಲಾ ಅನ್ನೋ ಜಾಗದಲ್ಲಿ ತಾನೇ ಬೆಳೆಸಿದೋರನ್ನ ತಾನೇ ಮೆಷಿನ್‌ಗನ್ ಇಟ್ಟು ಹೊಡೆಸಬೇಕಾಯ್ತು. ನಿಷ್ಠೆ ಬಿಡದೇ ಉಳಿದ ಬುಡಕಟ್ಟಿನೋರ ದಂಡೇ ಮುಂದೆ ಸೌದಿ ನ್ಯಾಷನಲ್ ಗಾರ್ಡ್ ಆಗಿದ್ದು, ಇವತ್ತಿಗೂ ಇದೆ. ಇಖ್ವಾನ್ ಕ್ರೂರಿಗಳು, ನಮ್ಮ ಬಾವಿ ಜನ ಹಾಗಲ್ಲ, ಆ ವ್ಯತ್ಯಾಸ ದೊಡ್ಡದೇ. ಆದ್ರೂ ಗಂಟು ಬಿದ್ದ ಜಾಗ ಒಂದೇ. ಅದಕ್ಕೇ ಹೋದ ಕಂತು ನನಗೆ ಇಡೀ ಧಾರಾವಾಹಿಲೇ ಗಟ್ಟಿ ಅನ್ಸಿದ್ದು.

ಸಡಿಲ ಇರೋ ಜಾಗನೂ ಇದೆ, ನೀವದನ್ನ ಹಿಡಿದೇ ಇಲ್ಲ! ಮೂರನೇ ಕಂತಿನ ಆ ಅಮಲಿನ ತೋಟ, ಹುಡುಗರಿಗೆ ಏನೋ ಕುಡಿಸಿ ಸ್ವರ್ಗ ತೋರಿಸಿ ಕೊಲೆಗೆ ಕಳಿಸೋದು. ಅದು ಇರಾನಿನ ಅಲಮೂತ್ ಕೋಟೆಲಿದ್ದ ಇಸ್ಮಾಯಿಲಿ ಅನ್ನೋ ಶಿಯಾ ಪಂಗಡದೋರ ಬಗ್ಗೆ ಮಾರ್ಕೊ ಪೋಲೊ ಹೇಳಿದ ಹಳೇ ಕಥೆ. ಕೋಟೆ ಮಂಗೋಲರ ಕೈಗೆ ಬಿದ್ದಿದ್ದು 1256ರಲ್ಲಿ, ಆಗ ಪೋಲೊಗೆ ಎರಡು ವರ್ಷ, ಅಂದ್ರೆ ಕಣ್ಣಾರೆ ಕಂಡು ಹೇಳಿದ್ದಲ್ಲ. ಆಣೆಗೇ ಇಷ್ಟು ಬಲ ಇದೆ ಅಂತ ತೋರಿಸಿದ ಲೇಖಕಿಗೆ ಅಮಲಿನ ಊರುಗೋಲು ಬೇಡವಾಗಿತ್ತು, ಹಾಗಂತ ಅವರಿಗೂ ಹೇಳಿದ್ದೀನಿ, ಪುಸ್ತಕ ಆಗೋವಾಗ ನೋಡ್ತೀನಿ ಅಂದಿದ್ದಾರೆ.

ಮುಖ್ಯಸ್ಥೆಗೆ ಶಿಕ್ಷೆ ಆಗತ್ತಾ ಅಂತ ಪತ್ರದ ಕೊನೇಲಿ ಕೇಳಿದ್ದೀರಿ. ಕಂತು ನನ್ನ ಟೇಬಲ್ ಮೇಲೇ ಇದೆ, ಹೇಳಲ್ಲ. ಅಂದಹಾಗೆ ನಿಮ್ಮ ಚಂದಾ ಈ ಸಂಚಿಕೆಗೇ ಮುಗಿಯತ್ತೆ ಅಂತ ಆಫೀಸಿನ ಹುಡುಗ ಹೇಳ್ತಿದ್ದ, ಒಂದ್ಸಲ ನೋಡ್ಕಳಿ.