ರಾಯಭಾರ ಕಚೇರಿಯ ನೌಕರರು ಸುಂಕವಿಲ್ಲದೆ ತಂದ ಕಾರನ್ನು ಮಾರಿ ಲಾಭ ಮಾಡಬಹುದಾ?

ವಿದೇಶದಲ್ಲಿ ಕೆಲಸ ಮಾಡುವ ಅಮೆರಿಕದ ಸರ್ಕಾರಿ ನೌಕರರ ವಿಷಯ ಹೇಳುತ್ತೇನೆ. ಮಾರಬಹುದು, ಆದರೆ ಸ್ಥಳೀಯರಿಗೆ ಮಾರಿ ಬಂದ ಲಾಭವನ್ನು ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ.

ಆಸೆ ಹುಟ್ಟೋದು ಸಹಜ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಜತಾಂತ್ರಿಕರು ಸ್ವಂತ ಬಳಕೆಯ ಸಾಮಾನನ್ನು ಸುಂಕ ಕಟ್ಟದೆ ತರಬಹುದು. ಆಮದು ಸುಂಕ ಜಾಸ್ತಿ ಇರುವ ದೇಶದಲ್ಲಿ ಅದೇ ಕಾರು, ಮೂರು ವರ್ಷ ಓಡಿದ ಮೇಲೂ, ಕೊಂಡ ಬೆಲೆಗಿಂತ ಹೆಚ್ಚಿಗೆ ಹೋಗಬಹುದು. ಹಳೇ ಗಾಡಿಗೆ ಹೊಸದಕ್ಕಿಂತ ಹೆಚ್ಚು ದುಡ್ಡು!

ಇದನ್ನು ತಡೆಯಲು ಅಮೆರಿಕದಲ್ಲಿ ಪ್ರತ್ಯೇಕ ನಿಯಮವೇ ಇದೆ. ಕಾರು ಮಾರಬೇಕಾದರೆ ಮೊದಲು ರಾಯಭಾರಿಯಿಂದ ಲಿಖಿತ ಒಪ್ಪಿಗೆ ಬೇಕು. ಆಮೇಲೆ ಲೆಕ್ಕ. 20,000 ಡಾಲರ್‌ಗೆ ಕೊಂಡಿರಿ, ಸಾಗಣೆ ಮತ್ತು ಸಾಗಣೆಯ ವಿಮೆಗೆ 2,000 ಆಯಿತು ಅಂದುಕೊಳ್ಳಿ. ಅಸಲು 22,000. ಮಾರಿದ್ದು 35,000ಕ್ಕೆ. ಮೇಲಿನ 13,000 ದಾನಕ್ಕೆ ಹೋಗಬೇಕು. ಸರ್ವಿಸ್ ಖರ್ಚು, ಓಡಿಸುವಾಗ ಕಟ್ಟಿದ ವಿಮೆ ಇವನ್ನೆಲ್ಲ ಅಸಲಿಗೆ ಸೇರಿಸಿ ಲಾಭ ಕಮ್ಮಿ ತೋರಿಸೋಕೆ ಆಗಲ್ಲ. ಮಾರಾಟಕ್ಕೆ ಬಿಟ್ಟು ಲಾಭವನ್ನಷ್ಟೇ ತಡೆದದ್ದು ನನಗೆ ಜಾಣತನ ಅನ್ನಿಸುತ್ತದೆ. ಮಾರಾಟವನ್ನೇ ನಿಷೇಧಿಸಿದ್ದರೆ ವರ್ಗಾವಣೆಯಾದವರು ಪಾಪ ಏನು ಮಾಡಬೇಕಿತ್ತು?

ಹೆಂಡತಿ ಹೆಸರಲ್ಲಿ ಮಾರಿದರೆ? ಅದೂ ನಡೆಯಲ್ಲ, ಕುಟುಂಬಕ್ಕೂ ಇದೇ ನಿಯಮ. ಆದರೆ ಕೊಳ್ಳುವವರಿಗೂ ಸುಂಕ ವಿನಾಯಿತಿ ಇದ್ದರೆ, ಉದಾಹರಣೆಗೆ ಇನ್ನೊಬ್ಬ ರಾಜತಾಂತ್ರಿಕರಾದರೆ, ಈ ಲಾಭದ ತಕರಾರು ಬರುವುದಿಲ್ಲ.